ಶ್ರೀಮತಿ ಫಾತಿಮಾ ಇಸ್ಮಾಯಿಲ್ (1903–1987): ಜೀವನ ಪರಿಚಯ

ಕಾಲಿನಲ್ಲಿ ಬಲವಿಲ್ಲದ ಮಗುವಿಗೆ ಫಿಸಿಯೋಥೆರಪಿ, ಪೆನ್ಸಿಲ್ ಹಿಡಿಯಲಾಗದ ಬೆರಳುಗಳಿಗೆ ಆಕ್ಯುಪೇಷನಲ್ ಥೆರಪಿ, ಬೆನ್ನಿಗೆ ಆಸರೆಯಾಗುವ ಕುರ್ಚಿ, ನಡೆಯಲು ಕ್ಯಾಲಿಪರ್ ಮುಂತಾದ ನೆರವುಗಳನ್ನು ಕೋರಿ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಪೋಷಕರು ಇಂದು ತಮ್ಮ ತಾಲ್ಲೂಕಿನಲ್ಲಿಯೇ ಮನವಿ ಸಲ್ಲಿಸಬಹುದಾಗಿದೆ. 1940ರ ದಶಕದಲ್ಲಿ ಇಂತಹ ಮನವಿಯನ್ನು ಯಾರಿಗೆ ಸಲ್ಲಿಸಬೇಕೆಂಬುದೇ ತಿಳಿಯದ ಸ್ಥಿತಿ ಇತ್ತು. ಆ ಸ್ಥಿತಿಯನ್ನು ತಾಯಿಯಾಗಿ ಅನುಭವಿಸಿ, ನಂತರ ಅದನ್ನು ಬದಲಾಯಿಸಲು ಶ್ರಮಿಸಿದವರಲ್ಲಿ ಶ್ರೀಮತಿ ಫಾತಿಮಾ ಇಸ್ಮಾಯಿಲ್‌ರವರು ಪ್ರಮುಖರು. ಅವರ ಕಾರ್ಯಕ್ಷೇತ್ರ ಮುಂಬಯಿಯಾಗಿದ್ದರೂ ಈ ಮೂರು ತಾಲ್ಲೂಕುಗಳಿಗೆ ಅವರ ಕಾರ್ಯದೊಡನೆ ಇದ್ದ ನಂಟು ಸಣ್ಣದಲ್ಲ. ಸೌಲಭ್ಯ ಕೋರಿ ಅರ್ಜಿ ಸಲ್ಲಿಸುವ ಪೋಷಕರ ಮತ್ತು ಶಿಕ್ಷಕರ ಮಾಹಿತಿಗಾಗಿ ಅವರ ಜೀವನದ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಫಾತಿಮಾರವರು 1903ರಲ್ಲಿ ಮುಂಬಯಿಯ ಗಿರಣಿ ಮಾಲೀಕರಾದ ಸೋಬಾನಿ ಮನೆತನದಲ್ಲಿ ಜನಿಸಿದರು. ಅವರ ಅಣ್ಣ ಉಮರ್ ಸೋಬಾನಿಯವರು ಹೋಂ ರೂಲ್ ಚಳವಳಿಯ ಕಾಲದಿಂದಲೂ ರಾಷ್ಟ್ರೀಯ ಹೋರಾಟದಲ್ಲಿದ್ದವರು. ಗಾಂಧೀಜಿಯವರ ಆರಂಭಿಕ ಬೆಂಬಲಿಗರಾಗಿ ಅಪಾರ ಹಣ ನೀಡಿದವರು. 1921ರ ಜುಲೈ 31ರಂದು ಮುಂಬಯಿಯ ಪರೇಲ್‌ನಲ್ಲಿ ವಿದೇಶಿ ಬಟ್ಟೆಗಳನ್ನು ಸುಟ್ಟ ಪ್ರಸಿದ್ಧ ಘಟನೆ ನಡೆದದ್ದು ಅವರ ಗಿರಣಿಯ ಆವರಣದಲ್ಲಿಯೇ. ಮುಂದೆ ಹತ್ತಿಯ ವ್ಯಾಪಾರದಲ್ಲಿ ಅವರು ಸಂಪೂರ್ಣ ನಷ್ಟ ಅನುಭವಿಸಿದರು. ವೈದ್ಯಕೀಯ ವ್ಯಾಸಂಗಕ್ಕೆಂದು ವಿಯೆನ್ನಾಕ್ಕೆ ತೆರಳಿದ್ದ ಫಾತಿಮಾರವರು ಮನೆಯ ಸ್ಥಿತಿ ಕುಸಿದುದರಿಂದ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಅವರು ವೈದ್ಯರಾಗಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು; ಅವರ ಮುಂದಿನ ಕಾರ್ಯವೆಲ್ಲವೂ ಪದವಿಯಿಲ್ಲದ ಒಬ್ಬ ತಾಯಿಯ ಕಾರ್ಯವಾಗಿದೆ.

ವಿವಾಹಾನಂತರ ಅವರು ಅಖಿಲ ಭಾರತ ಮಹಿಳಾ ಪರಿಷತ್ತಿನ ಚಟುವಟಿಕೆಗಳಲ್ಲಿ ತೊಡಗಿಕೊಂಡರು. ಮಹಿಳೆಯರ ಶಿಕ್ಷಣ ಮತ್ತು ದುಡಿಮೆಯ ಅವಕಾಶಗಳು ಆಗ ಅವರ ಮುಖ್ಯ ವಿಷಯಗಳಾಗಿದ್ದವು. 1942ರ ಚಳವಳಿಯ ಸಂದರ್ಭದಲ್ಲಿ ಭೂಗತರಾಗಿದ್ದ ಕಾರ್ಯಕರ್ತರಿಗೂ ನೆರವಾದರು. ಇಷ್ಟರಲ್ಲಿಯೇ ಇದ್ದಿದ್ದರೆ ಅಂದಿನ ಅನೇಕ ಸುಶಿಕ್ಷಿತ ಮಹಿಳಾ ಕಾರ್ಯಕರ್ತರ ಸಾಲಿನಲ್ಲಿ ಅವರ ಹೆಸರೂ ಒಂದಾಗಿರುತ್ತಿತ್ತು. 1940ರ ದಶಕದ ನಡುಭಾಗದಲ್ಲಿ, ಇನ್ನೂ ಮೂರು ವರ್ಷದ ಮಗುವಾಗಿದ್ದ ಅವರ ಮಗಳಿಗೆ ಪೋಲಿಯೋ ತಗುಲಿತು.

ಪೋಲಿಯೋ ವೈರಾಣು ಬೆನ್ನುಹುರಿಯಲ್ಲಿರುವ, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ನಾಶಪಡಿಸುತ್ತದೆ. ಜ್ವರ ಬಂದು ಕೆಲವೇ ದಿನಗಳಲ್ಲಿ ಮಗುವಿನ ಕಾಲು ಸೋಲುತ್ತದೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲವಾದರೂ ಎಲ್ಲ ಕೋಶಗಳೂ ಸತ್ತಿರುವುದಿಲ್ಲ. ಉಳಿದವುಗಳಿಗೆ ಕೆಲಸ ಕೊಟ್ಟರೆ ಅವು ಮೊದಲಿಗಿಂತ ಹೆಚ್ಚು ಹೊರೆಯನ್ನು ಹೊರಲು ಕಲಿಯುತ್ತವೆ. ಕೆಲಸ ಕೊಡದಿದ್ದರೆ ಇನ್ನೊಂದು ಕಷ್ಟ ಆರಂಭವಾಗುತ್ತದೆ. ಕಾಲಿನ ಒಂದು ಬದಿಯ ಸ್ನಾಯು ಸೋತು, ಎದುರು ಬದಿಯ ಸ್ನಾಯು ಬಲವಾಗಿಯೇ ಉಳಿದಾಗ, ಬಲವಾದದ್ದು ಕೀಲನ್ನು ತನ್ನ ಕಡೆಗೆ ಎಳೆಯುತ್ತಲೇ ಇರುತ್ತದೆ. ತಿಂಗಳುಗಳು ಕಳೆದಂತೆ ಹಿಮ್ಮಡಿ ಮೇಲಕ್ಕೆದ್ದು ನಿಲ್ಲುತ್ತದೆ, ಮೊಣಕಾಲು ಮಡಚಿಕೊಂಡಲ್ಲಿಯೇ ಬಿಗಿಯುತ್ತದೆ, ಬೆನ್ನು ಒಂದು ಕಡೆಗೆ ವಾಲುತ್ತದೆ. ಈ ಎರಡನೆಯ ಹಾನಿಯು ಬಹುಮಟ್ಟಿಗೆ ಆರೈಕೆ ತಡವಾದುದರಿಂದ ಬರುವಂಥದ್ದು. ಒಮ್ಮೆ ಬಿಗಿದ ಕೀಲನ್ನು ಸಡಿಲಿಸಲು ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಬಿಗಿಯದಂತೆ ನೋಡಿಕೊಳ್ಳಲು ದಿನನಿತ್ಯ ಕ್ರಮಬದ್ಧವಾಗಿ ಕೈಕಾಲುಗಳನ್ನು ಆಡಿಸುವುದು, ಸರಿಯಾದ ಭಂಗಿಯಲ್ಲಿ ಮಲಗಿಸುವುದು, ಅಗತ್ಯವಿದ್ದಲ್ಲಿ ಪಟ್ಟಿಯ ಆಸರೆ ನೀಡುವುದು ಸಾಕಾಗುತ್ತದೆ.

ಅಂದಿನ ಕಾಲದಲ್ಲಿ ಈ ತಿಳಿವಳಿಕೆ ವಿರಳವಾಗಿತ್ತು. ಆಸ್ಟ್ರೇಲಿಯಾದ ಸಿಸ್ಟರ್ ಎಲಿಜಬೆತ್ ಕೆನ್ನಿಯವರು ಬಿಸಿ ಉಣ್ಣೆಯ ಕಾವು ಮತ್ತು ಬೇಗನೆ ಆರಂಭಿಸುವ ಅಂಗಚಲನೆಯ ಕ್ರಮವನ್ನು ಪ್ರಚಾರಕ್ಕೆ ತಂದಿದ್ದರು. 1940ರಲ್ಲಿ ಅವರು ಅಮೆರಿಕಕ್ಕೆ ತೆರಳಿದ ನಂತರ ಅಲ್ಲಿಯೂ ಈ ಕುರಿತು ದೊಡ್ಡ ಚರ್ಚೆ ನಡೆದಿತ್ತು. ಅದುವರೆಗೆ ಪೋಲಿಯೋ ತಗುಲಿದ ಕಾಲನ್ನು ಅಲುಗದಂತೆ ಬಿಗಿದು ಕಟ್ಟಿಡುವುದೇ ವಾಡಿಕೆಯಾಗಿತ್ತು. ಭಾರತದಲ್ಲಿ ಫಿಸಿಯೋಥೆರಪಿಯನ್ನು ಕಲಿಸುವ ಸಂಸ್ಥೆಯೇ ಇನ್ನೂ ಹುಟ್ಟಿರಲಿಲ್ಲ. ಮಗುವಿನ ಕಾಲು ಹೋಯಿತೆಂದು ತಿಳಿದು ಸಮಾಧಾನ ಮಾಡಿಕೊಳ್ಳುವುದೇ ಹೆಚ್ಚಿನ ಪೋಷಕರ ಪಾಲಿಗೆ ಉಳಿದ ದಾರಿಯಾಗಿತ್ತು.

ಫಾತಿಮಾರವರು ಸಮಾಧಾನ ಮಾಡಿಕೊಳ್ಳಲಿಲ್ಲ. ಮದ್ರಾಸಿನಲ್ಲಿ ಅಸ್ಥಿ ಚಿಕಿತ್ಸಕರಾಗಿ ಹೆಸರಾಗಿದ್ದ ಡಾ. ಎಂ. ಜಿ. ಕಿಣಿಯವರ ಬಳಿಗೆ ಮಗಳನ್ನು ಕರೆದೊಯ್ದರು. ಕಿಣಿ ಎಂಬ ಮನೆತನದ ಹೆಸರು ಕುಮಟಾ, ಹೊನ್ನಾವರ, ಭಟ್ಕಳದ ಜನರಿಗೆ ಅಪರಿಚಿತವಲ್ಲ. ಮದ್ರಾಸಿನಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆದು ಮಗುವಿನಲ್ಲಿ ಸುಧಾರಣೆ ಕಂಡುಬಂದಿತು. ನಂತರ ಅವರ ಗಮನ ಪುಣೆಯ ಕಡೆಗೆ ಹರಿಯಿತು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗಾಗಿ ಸೇನೆಯು ಅಲ್ಲಿ ಪುನರ್ವಸತಿ ಚಿಕಿತ್ಸೆಯನ್ನು ನಡೆಸುತ್ತಿತ್ತು. 1944ರಲ್ಲಿ ಕೃತಕ ಅಂಗ ಕೇಂದ್ರವೂ ಅಲ್ಲಿ ಆರಂಭವಾಗಿತ್ತು. ಕಾಲು ಕಳೆದುಕೊಂಡ ಸೈನಿಕನನ್ನು ಮತ್ತೆ ನಿಲ್ಲಿಸುವ ವಿದ್ಯೆ ದೇಶದಲ್ಲಿದೆ, ಆದರೆ ಅದು ಮಕ್ಕಳ ಬಳಿಗೆ ಬಂದಿಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು. ಮಗಳ ಚಿಕಿತ್ಸೆಯನ್ನು ಹತ್ತಿರದಿಂದ ಗಮನಿಸುತ್ತಾ ವ್ಯಾಯಾಮದ ಕ್ರಮವನ್ನು ಅವರು ತಾವೂ ಅರಿತುಕೊಂಡರು. ಮಗಳಿಗೆ ದೊರೆತದ್ದು ಇತರ ಮಕ್ಕಳಿಗೂ ದೊರೆಯಬೇಕೆಂಬ ನಿರ್ಧಾರ ಅಲ್ಲಿಂದ ಮೂಡಿತು. ಮದ್ರಾಸಿಗೂ ಪುಣೆಗೂ ಮಗುವನ್ನು ಕರೆದೊಯ್ದು ತಿಂಗಳುಗಟ್ಟಲೆ ಉಳಿಯುವ ಅನುಕೂಲ ಎಷ್ಟು ತಾಯಂದಿರಿಗೆ ಇರುತ್ತದೆ ಎಂಬ ಪ್ರಶ್ನೆಯಿಂದಲೇ ಅವರ ಸಾರ್ವಜನಿಕ ಕಾರ್ಯ ಹೊಸ ದಾರಿ ಹಿಡಿಯಿತೆನ್ನಬಹುದು.

ಮುಂಬಯಿಯಲ್ಲಿ ಮಕ್ಕಳ ಚಿಕಿತ್ಸಾಲಯ ತೆರೆಯಲು ಜಾಗ ದೊರೆಯುವುದೇ ಕಷ್ಟವಾಗಿತ್ತು. ಆಗ ನೆರವಿಗೆ ಬಂದವರು ಡಾ. ಎ. ವಿ. ಬಾಳಿಗಾರವರು. ಕರಾವಳಿ ಮೂಲದ ಈ ಶಸ್ತ್ರಚಿಕಿತ್ಸಕರು ಮುಂಬಯಿಯಲ್ಲಿ ದೊಡ್ಡ ಹೆಸರು ಗಳಿಸಿದ್ದರು. ಚೌಪಾಟಿಯಲ್ಲಿದ್ದ ತಮ್ಮ ಚಿಕಿತ್ಸಾ ಕೊಠಡಿಗಳನ್ನು ಅವರು ಫಾತಿಮಾರವರಿಗೆ ಬಿಟ್ಟುಕೊಟ್ಟರು. ದೇಶ ಸ್ವತಂತ್ರವಾಗುವ ಕೆಲವೇ ತಿಂಗಳುಗಳ ಮೊದಲು, 1947ರ ಮೇ ತಿಂಗಳಲ್ಲಿ, ಪೋಲಿಯೋ ಪೀಡಿತ ಮಕ್ಕಳ ಚಿಕಿತ್ಸಾಲಯ ಅಲ್ಲಿ ಆರಂಭವಾಯಿತು. ಕುಮಟಾದಲ್ಲಿ ವ್ಯಾಸಂಗ ಮಾಡಿದವರಿಗೆ ಈ ವೈದ್ಯರ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಕೆನರಾ ಕಾಲೇಜು ಸೊಸೈಟಿಯ ಕಲಾ ಮತ್ತು ವಿಜ್ಞಾನ ಕಾಲೇಜು ಹಾಗೂ ವಾಣಿಜ್ಯ ಕಾಲೇಜುಗಳು ಅವರ ಹೆಸರನ್ನೇ ಹೊತ್ತಿವೆ. ಪ್ರತಿ ವರ್ಷ ಆ ಹೆಸರಿರುವ ಅಂಕಪಟ್ಟಿಯನ್ನು ಪಡೆದು ಹೊರಬರುವ ವಿದ್ಯಾರ್ಥಿಗಳಲ್ಲಿ, ಮಕ್ಕಳ ಫಿಸಿಯೋಥೆರಪಿಗಾಗಿ ತಮ್ಮ ಕೊಠಡಿ ತೆರವು ಮಾಡಿಕೊಟ್ಟವರು ಅವರೇ ಎಂದು ತಿಳಿದವರು ಕಡಿಮೆ.

ಇಲ್ಲಿ ಇನ್ನೊಂದು ವಿಷಯವನ್ನೂ ಗಮನಿಸಬೇಕು. ಉತ್ತರ ಕನ್ನಡ ಜಿಲ್ಲೆಯು 1862ರಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗುವವರೆಗೂ ಭಟ್ಕಳ, ಹೊನ್ನಾವರ, ಕುಮಟಾಗಳಿಗೆ ಮುಂಬಯಿಯೇ ರಾಜಧಾನಿ. ಭಟ್ಕಳದ ನವಾಯತ ಕುಟುಂಬಗಳ ವ್ಯಾಪಾರ, ಕುಮಟಾ ಹೊನ್ನಾವರಗಳಿಂದ ಕೆಲಸ ಅರಸಿ ಹೋದವರ ಬದುಕು, ಎರಡೂ ಆ ನಗರದೊಡನೆ ಬೆಸೆದುಕೊಂಡಿದ್ದವು. ಆದುದರಿಂದ ಚೌಪಾಟಿಯ ಚಿಕಿತ್ಸಾಲಯ ಈ ತಾಲ್ಲೂಕುಗಳ ಪಾಲಿಗೆ ಪರರಾಜ್ಯದ ಸಂಸ್ಥೆಯಾಗಿರಲಿಲ್ಲ. ತಮ್ಮದೇ ಪ್ರಾಂತ್ಯದ ರಾಜಧಾನಿಯಲ್ಲಿದ್ದ ಸೌಲಭ್ಯವಾಗಿತ್ತು. ಆದರೆ ಅಲ್ಲಿಗೆ ತಲುಪುವುದು ಸುಲಭವಿರಲಿಲ್ಲ. ಶರಾವತಿ, ಅಘನಾಶಿನಿ ನದಿಗಳನ್ನು ದೋಣಿಯಲ್ಲಿ ದಾಟಬೇಕಿತ್ತು. ಕರಾವಳಿಯ ಹಡಗುಗಳು ಮುಂಗಾರು ಆರಂಭವಾದೊಡನೆ ನಿಲ್ಲುತ್ತಿದ್ದವು. ಜೂನ್ ತಿಂಗಳಲ್ಲಿ ಕಾಲು ಸೋತ ಮಗುವೊಂದು ಹಡಗಿಗಾಗಿ ಮಳೆಗಾಲ ಮುಗಿಯುವವರೆಗೆ ಕಾದರೆ, ಅಷ್ಟರಲ್ಲಿ ಕೀಲು ಬಿಗಿದಿರುತ್ತಿತ್ತು. ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದದ್ದು 1953ರಲ್ಲಿ. ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದದ್ದು 1998ರಲ್ಲಿ.

ಫಾತಿಮಾರವರು ಸ್ಥಾಪಿಸಿದ ಸಂಸ್ಥೆಗೆ ಸೊಸೈಟಿ ಫಾರ್ ದಿ ರಿಹ್ಯಾಬಿಲಿಟೇಶನ್ ಆಫ್ ಕ್ರಿಪಲ್ಡ್ ಚಿಲ್ಡ್ರನ್ ಎಂದು ಹೆಸರಿಡಲಾಯಿತು. ಈ ಹೆಸರಿನಲ್ಲಿರುವ ಕ್ರಿಪಲ್ಡ್ ಎಂಬ ಪದವನ್ನು ಇಂದು ಯಾವ ಇಲಾಖೆಯೂ ಮಗುವಿನ ಬಗ್ಗೆ ಬಳಸುವುದಿಲ್ಲ. ಅಂದು ಅದು ಸಾಮಾನ್ಯ ಬಳಕೆಯಲ್ಲಿತ್ತು. ಅದರ ಪಕ್ಕದಲ್ಲಿರುವ ಪುನರ್ವಸತಿ ಎಂಬ ಅರ್ಥದ ಪದವೇ ಆ ಹೊತ್ತಿಗೆ ಹೊಸದು. ಮಗುವಿಗೆ ಚಿಕಿತ್ಸೆ ನೀಡಿ ಮನೆಗೆ ಕಳುಹಿಸುವುದರೊಂದಿಗೆ ಕೆಲಸ ಮುಗಿಯುವುದಿಲ್ಲ, ಮಗು ತನ್ನ ವಯಸ್ಸಿನ ಇತರ ಮಕ್ಕಳಂತೆ ಬಾಳಲು ಬೇಕಾದುದನ್ನೆಲ್ಲ ಒದಗಿಸಬೇಕು ಎಂಬುದು ಅದರ ಅರ್ಥ. ಚೌಪಾಟಿಯ ಕೊಠಡಿಗಳು ಬಹುಬೇಗ ಸಾಲದಾದವು. ಹಾಜಿ ಅಲಿಯ ಬಳಿ ಮಕ್ಕಳ ಅಸ್ಥಿ ಚಿಕಿತ್ಸಾ ಆಸ್ಪತ್ರೆ ಸಿದ್ಧವಾಗಿ, 1952ರಲ್ಲಿ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂರವರು ಅದನ್ನು ಉದ್ಘಾಟಿಸಿದರು. ಐದೇ ವರ್ಷಗಳಲ್ಲಿ ಎರವಲು ಕೊಠಡಿಯಿಂದ ಸ್ವಂತ ಆಸ್ಪತ್ರೆಗೆ ಬಂದ ಈ ಬೆಳವಣಿಗೆಯ ಹಿಂದೆ ದೇಣಿಗೆ ಸಂಗ್ರಹಿಸಿದ, ಕಚೇರಿಯಿಂದ ಕಚೇರಿಗೆ ಅಲೆದ ಶ್ರಮ ಎಷ್ಟಿರಬಹುದೆಂದು ಒಂದು ಅರ್ಜಿಯನ್ನಾದರೂ ಬೆನ್ನುಹತ್ತಿ ಹೋದವರು ಊಹಿಸಬಲ್ಲರು.

ಅದೇ ವರ್ಷಗಳಲ್ಲಿ ಮುಂಬಯಿಯಲ್ಲಿ ಸಂಬಂಧಪಟ್ಟ ಇತರ ಕಾರ್ಯಗಳೂ ಆರಂಭವಾದವು. ಅಮೆರಿಕದಲ್ಲಿ ಜನಿಸಿ, ಭಾರತೀಯರನ್ನು ವಿವಾಹವಾಗಿ ಇಲ್ಲಿಯೇ ನೆಲೆಸಿದ್ದ ಶ್ರೀಮತಿ ಕಮಲಾ ನಿಂಬಕರ್‌ರವರು 1950ರಲ್ಲಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ಪ್ರಾರಂಭಿಸಿದರು. 1952ರಲ್ಲಿ ಈ ವೃತ್ತಿಯ ವಿಶ್ವ ಒಕ್ಕೂಟ ರೂಪುಗೊಂಡಾಗ ಅದರ ಹತ್ತು ಸ್ಥಾಪಕ ರಾಷ್ಟ್ರಗಳಲ್ಲಿ ಭಾರತವೂ ಒಂದಾಗಿದ್ದುದು ಅವರ ಪ್ರಯತ್ನದ ಫಲ. ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಫಿಸಿಯೋಥೆರಪಿ ಶಾಲೆಯೂ ಅದೇ ಕಾಲದಲ್ಲಿ ಪ್ರಾರಂಭವಾಯಿತು. ಹೀಗೆ ತಾಯಿಯೊಬ್ಬರು ಅಲ್ಲಿ ಇಲ್ಲಿ ವಿಚಾರಿಸಿ ಅರಿಯಬೇಕಾಗಿದ್ದ ವಿದ್ಯೆಗೆ ಪಠ್ಯಕ್ರಮ, ಪರೀಕ್ಷೆ, ಅರ್ಹತಾಪತ್ರಗಳು ಬಂದವು.

ಈ ಎರಡು ಚಿಕಿತ್ಸೆಗಳ ನಡುವಿನ ವ್ಯತ್ಯಾಸದ ಬಗ್ಗೆ ಪೋಷಕರಲ್ಲಿ ಗೊಂದಲ ಸಹಜ. ಫಿಸಿಯೋಥೆರಪಿಯು ದೇಹದ ಬಲ, ಕೀಲುಗಳ ಚಲನೆ, ನಿಲುವು ಮತ್ತು ನಡಿಗೆಯನ್ನು ಸುಧಾರಿಸುತ್ತದೆ. ಆಕ್ಯುಪೇಷನಲ್ ಥೆರಪಿಯು ಮಗು ದಿನನಿತ್ಯ ಮಾಡಬೇಕಾದ ಕೆಲಸವನ್ನು ಮಾಡುವಂತೆ ಸಿದ್ಧಗೊಳಿಸುತ್ತದೆ. ಹೆಸರಿನಲ್ಲಿ ಉದ್ಯೋಗವೆಂಬ ಅರ್ಥವಿದ್ದರೂ ಇದು ನೌಕರಿಗೆ ಸಂಬಂಧಿಸಿದ್ದಲ್ಲ. ಶಾಲೆಯಲ್ಲಿ ಮಗುವಿನ ಕೆಲಸವೆಂದರೆ ಬೆಂಚಿನ ಮೇಲೆ ಕುಳಿತುಕೊಳ್ಳುವುದು, ಬರೆಯುವುದು, ಚೀಲ ತೆಗೆಯುವುದು, ಬಿಸಿಯೂಟದ ತಟ್ಟೆಯಿಂದ ತಾನೇ ಉಣ್ಣುವುದು, ಗುಂಡಿ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿ ಬರುವುದು. ಪೆನ್ಸಿಲ್ಲಿಗೆ ರಬ್ಬರ್ ಸುತ್ತಿ ದಪ್ಪ ಮಾಡುವುದು, ಪಾದ ನೆಲಕ್ಕೆ ತಾಗುವಷ್ಟು ಎತ್ತರದ ಕುರ್ಚಿ, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಕಂಬಿ ಇವೆಲ್ಲವೂ ಈ ಚಿಕಿತ್ಸೆಯ ಭಾಗಗಳೇ. ಲೆಕ್ಕಪತ್ರದ ದೃಷ್ಟಿಯಿಂದ ನೋಡಿದಲ್ಲಿ ಇವುಗಳಲ್ಲಿ ಬಹುಪಾಲು ಅತ್ಯಲ್ಪ ವೆಚ್ಚದವು. ದುಬಾರಿಯಾದದ್ದು ಪ್ರತಿದಿನ ಅದಕ್ಕಾಗಿ ಮೀಸಲಿಡಬೇಕಾದ ಸಮಯ, ಮತ್ತು ಅದನ್ನು ಬಲ್ಲವರ ಕೈ.

ಫಾತಿಮಾರವರ ಸೇವೆಯನ್ನು ಗುರುತಿಸಿ 1958ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. 1978ರಿಂದ 1984ರವರೆಗೆ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದರು. 1987ರಲ್ಲಿ ನಿಧನರಾದರು. ಡಾ. ಬಾಳಿಗಾರವರು ಅದಕ್ಕೂ ಬಹಳ ಹಿಂದೆಯೇ, 1964ರಲ್ಲಿ, ತೀರಿಕೊಂಡಿದ್ದರು.

ಅವರು ಕಟ್ಟಿದ ಆಸ್ಪತ್ರೆಗೆ ಒಂದು ಮಿತಿಯಿತ್ತೆಂಬುದನ್ನು ಹೇಳದಿದ್ದರೆ ಈ ಪರಿಚಯ ಅಪೂರ್ಣವಾಗುತ್ತದೆ. ಈ ಚಿಕಿತ್ಸೆ ದಿನನಿತ್ಯ ನಡೆಯಬೇಕಾದದ್ದು; ಆಸ್ಪತ್ರೆಯಾದರೋ ಒಂದೇ ಊರಿನಲ್ಲಿರುವಂಥದ್ದು. ದೂರದ ಮಗು ಅಲ್ಲಿಗೆ ಹೋಗಿ ತಿಂಗಳುಗಟ್ಟಲೆ ಉಳಿದರೆ ಶಾಲೆ ತಪ್ಪುತ್ತದೆ. ಶಾಲೆಗಾಗಿ ಮರಳಿದರೆ ವ್ಯಾಯಾಮ ತಪ್ಪುತ್ತದೆ. ಹೊನ್ನಾವರದ ಮಗುವಿಗೆ ಮುಂಬಯಿಯಲ್ಲಿ ಕಲಿಸಿದ ವ್ಯಾಯಾಮ ಹೊನ್ನಾವರದಲ್ಲಿಯೇ ಮುಂದುವರಿಯದಿದ್ದಲ್ಲಿ ಅದರ ಪ್ರಯೋಜನ ಕರಗಿಹೋಗುತ್ತದೆ. ಚಿಕಿತ್ಸೆಯು ಶಾಲೆಯ ಹತ್ತಿರಕ್ಕೆ ಬರಬೇಕೆಂಬ ಚಿಂತನೆಯು ಸರ್ಕಾರಿ ಯೋಜನೆಯಾಗಿ ರೂಪುಗೊಳ್ಳಲು ಮತ್ತೆ ದಶಕಗಳು ಬೇಕಾದವು. ಸರ್ವ ಶಿಕ್ಷಣ ಅಭಿಯಾನ 2001-02ರಲ್ಲಿ ಆರಂಭವಾದ ನಂತರ ವಿಶೇಷ ಅಗತ್ಯವುಳ್ಳ ಮಕ್ಕಳ ಸಮನ್ವಯ ಶಿಕ್ಷಣಕ್ಕೆ ಪ್ರತ್ಯೇಕ ಅವಕಾಶ ದೊರೆಯಿತು. 2018ರಿಂದ ಅದು ಸಮಗ್ರ ಶಿಕ್ಷಣ ಯೋಜನೆಯ ಅಂಗವಾಗಿದೆ. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016, ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಮಾನ್ಯ ಮಾಡಿದೆ.

ಫಾತಿಮಾರವರ ಬದುಕನ್ನು ತಿರುಗಿಸಿದ ರೋಗ ಇಂದು ದೇಶದಲ್ಲಿಲ್ಲ. ವನ್ಯ ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ ವರದಿಯಾಯಿತು; 2014ರ ಮಾರ್ಚ್ 27ರಂದು ಭಾರತಕ್ಕೆ ಪೋಲಿಯೋಮುಕ್ತ ಪ್ರಮಾಣಪತ್ರ ದೊರೆಯಿತು. ಆದರೆ ಕೀಲು ಬಿಗಿಯುವ ಕ್ರಮ ಬದಲಾಗಿಲ್ಲ. ಹುಟ್ಟುವಾಗ ಅಥವಾ ಅದರ ಆಸುಪಾಸಿನಲ್ಲಿ ಮೆದುಳಿಗೆ ಪೆಟ್ಟಾಗಿ ಬರುವ ಸೆರೆಬ್ರಲ್ ಪಾಲ್ಸಿ, ಸ್ನಾಯುಗಳು ಕ್ರಮೇಣ ಸೊರಗುವ ಮಸ್ಕ್ಯುಲರ್ ಡಿಸ್ಟ್ರೋಫಿ, ಬೆನ್ನುಹುರಿಯ ಹುಟ್ಟುದೋಷ, ಅಪಘಾತ ಇವುಗಳಿಂದ ಬಾಧಿತರಾದ ಮಕ್ಕಳಿಗೂ ದಿನನಿತ್ಯದ ಚಲನೆ, ಸರಿಯಾದ ಕೂರುವಿಕೆ, ಸಕಾಲದ ಆಸರೆ ಬೇಕು. ವ್ಯಾಯಾಮದ ಪ್ರಮಾಣ ಮಾತ್ರ ಕಾಯಿಲೆಯಿಂದ ಕಾಯಿಲೆಗೆ ಬೇರೆಯಾಗುತ್ತದೆ. ಸ್ನಾಯು ಸೊರಗುವ ಕಾಯಿಲೆಯಲ್ಲಿ ಅತಿಯಾದ ವ್ಯಾಯಾಮವೇ ಹಾನಿಕರ. ಆದುದರಿಂದ ಒಂದು ಮಗುವಿಗೆ ಹೇಳಿದ್ದನ್ನು ನೋಡಿ ಇನ್ನೊಂದು ಮಗುವಿಗೆ ಮಾಡಿಸಬಾರದು.

ಅರ್ಜಿದಾರರ ಗಮನಕ್ಕೆ

ಶಾಲಾ ವಯಸ್ಸಿನ ಮಗುವಿಗೆ ಫಿಸಿಯೋಥೆರಪಿ ಅಥವಾ ಸಂಬಂಧಿತ ನೆರವು ಬೇಕಾದಲ್ಲಿ ಮೊದಲು ಶಾಲೆಯ ಮುಖ್ಯೋಪಾಧ್ಯಾಯರಿಗೆ ತಿಳಿಸುವುದು. ಭಟ್ಕಳ, ಹೊನ್ನಾವರ ಮತ್ತು ಕುಮಟಾದ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿ.ಐ.ಇ.ಆರ್.ಟಿ.ಯವರನ್ನು, ನೇರವಾಗಿಯೂ ಸಂಪರ್ಕಿಸಬಹುದು. ವೈದ್ಯಕೀಯ ಮೌಲ್ಯಾಂಕನ ಶಿಬಿರದಲ್ಲಿ ಮಗುವನ್ನು ಪರೀಕ್ಷಿಸಿ, ಬೇಕಾದ ಚಿಕಿತ್ಸೆ ಮತ್ತು ಸಾಧನ ಸಲಕರಣೆಗಳನ್ನು ನಿರ್ಧರಿಸಲಾಗುತ್ತದೆ. ಶಿಬಿರದ ದಿನಾಂಕವನ್ನು ಮುಂಚಿತವಾಗಿ ವಿಚಾರಿಸಿಟ್ಟುಕೊಳ್ಳುವುದು ಉತ್ತಮ. ಒಂದು ಶಿಬಿರ ತಪ್ಪಿದಲ್ಲಿ ಮುಂದಿನದಕ್ಕಾಗಿ ಬಹಳ ಕಾಯಬೇಕಾಗಬಹುದು.

ಕೇಂದ್ರಕ್ಕೆ ಬರಲಾಗದಷ್ಟು ತೀವ್ರ ತೊಂದರೆಯಿರುವ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಅವಕಾಶವಿರುತ್ತದೆ. ಕಾಲುಸಂಕ ದಾಟಿ ರಸ್ತೆಗೆ ಬರಬೇಕಾದ ಮನೆಗಳವರು ಮಳೆಗಾಲಕ್ಕೆ ಮುಂಚಿತವಾಗಿಯೇ ಈ ವಿಷಯವನ್ನು ಸಂಪನ್ಮೂಲ ಶಿಕ್ಷಕರ ಗಮನಕ್ಕೆ ತಂದು, ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮಗಳನ್ನು ಚಿಕಿತ್ಸಕರಿಂದ ಕೈಯಾರೆ ಕಲಿತುಕೊಳ್ಳುವುದು. ತಾಯಿ ಮಾತ್ರವಲ್ಲದೆ ಮನೆಯ ಇನ್ನೊಬ್ಬರೂ ಕಲಿತಿದ್ದಲ್ಲಿ ಅಭ್ಯಾಸ ತಪ್ಪುವುದಿಲ್ಲ. ಆರು ವರ್ಷದೊಳಗಿನ ಮಕ್ಕಳ ಬಗ್ಗೆ ಅಂಗನವಾಡಿ ಕಾರ್ಯಕರ್ತೆಯರಿಗೆ ಅಥವಾ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಕ್ಕೆ ತಿಳಿಸತಕ್ಕದ್ದು.

ವಿಶಿಷ್ಟ ಗುರುತಿನ ಚೀಟಿಗೆ, ಅಂದರೆ ಯು.ಡಿ.ಐ.ಡಿ. ಕಾರ್ಡಿಗೆ, ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬೇಕು. ಈ ಬಗ್ಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಶೇಕಡ 40 ಹಾಗೂ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ 6ರಿಂದ 18 ವರ್ಷದ ಮಕ್ಕಳು ಹತ್ತಿರದ ಶಾಲೆಯಲ್ಲಿ ಅಥವಾ ತಮ್ಮ ಆಯ್ಕೆಯ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯಲು ಹಕ್ಕುಳ್ಳವರಾಗಿರುತ್ತಾರೆ. ವೈಕಲ್ಯದ ಕಾರಣ ನೀಡಿ ಪ್ರವೇಶ ನಿರಾಕರಿಸಿದಲ್ಲಿ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು. ಕಾರ್ಡು ಕೈಸೇರುವವರೆಗೆ ಮಗುವಿನ ವ್ಯಾಯಾಮವನ್ನು ಮುಂದೂಡಬಾರದು. ಕಾರ್ಡಿನ ಅರ್ಜಿ ಮತ್ತು ಚಿಕಿತ್ಸೆಯ ಮನವಿ ಎರಡನ್ನೂ ಏಕಕಾಲದಲ್ಲಿ ಆರಂಭಿಸತಕ್ಕದ್ದು.